ಕಂಡಕ್ಟರ್ ಸಾಹೇಬರ ಮಂಡಿನೋವು

"ಮಂಡಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದೆ, ಏನೂ ತೊಂದರೆಯಿಲ್ಲ," ಎಂದರು ಡಾಕ್ಟರಮ್ಮ, ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಹಜ್‌ಗೆ ಧಾರಾಳವಾಗಿ ಹೋಗಿಬನ್ನಿ."

ಕಂಡಕ್ಟರ್ ಸಾಹೇಬರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಅವರ ಮುಖ ನೋಡಿದರು. ಎರಡು ವರ್ಷದಿಂದ ಪ್ರತಿ ಸಂಜೆ ಆ ಮಂಡಿಗೆ ಬಿಸಿ ಎಣ್ಣೆ ತಿಕ್ಕಿದವರು ಅವರೇ. ಮಂಡಿನೋವಿನ ನೆಪದಲ್ಲೇ ಸಾಹೇಬರು ಮಸೀದಿ ಬಿಟ್ಟು ಮನೆಯಲ್ಲಿ ಕುರ್ಚಿ ಹಾಕಿಕೊಂಡು ನಮಾಜು ಮಾಡುತ್ತಿದ್ದರು.

ಡಾಕ್ಟರಮ್ಮ ಯಾತ್ರೆಯ ಅರ್ಜಿಗೆ ಸಹಿ ಹಾಕಲು ಪೆನ್ನೆತ್ತಿದರು.

"ಒಂದ್ನಿಮಿಷ," ಎಂದರು ಸಾಹೇಬರು. "ನನಗಿರೋದು ಮಂಡಿನೋವಲ್ಲ."

ಆಮೇಲೆ ತಡವರಿಸುತ್ತ ಎಲ್ಲ ಹೇಳಿದರು. ಅಣ್ಣ ತೀರಿಕೊಂಡು ಜನಾಜಾ ಹೊತ್ತು ಹೊರಟ ದಿನ ನಾಲ್ಕೂ ಕಡೆಯಿಂದ ಜನ ಒತ್ತಿಕೊಂಡು ಬಂದಾಗ ಉಸಿರು ಗಂಟಲಲ್ಲೇ ನಿಂತಿತ್ತು. ಸತ್ತೇಹೋದೆ ಅನ್ನಿಸಿತ್ತು. ಅಂದಿನಿಂದ ನಾಲ್ಕು ಜನ ಸೇರಿದ ಕಡೆ ಕಾಲಿಟ್ಟರೆ ಅದೇ ಪಾಡು. ಮೂವತ್ನಾಲ್ಕು ವರ್ಷ ತುಂಬಿ ತುಳುಕುವ ಬಸ್ಸಿನಲ್ಲಿ 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ಜನರನ್ನು ತುರುಕಿದ ಮನುಷ್ಯ ಗುಂಪಿಗೆ ಹೆದರುತ್ತಾನೆಂದರೆ ಯಾರು ನಂಬುತ್ತಾರೆ? ಮಂಡಿನೋವೆಂದರೆ ಮರ್ಯಾದೆಯಾದರೂ ಉಳಿಯುತ್ತದೆ. ಹಜ್‌ನಲ್ಲಿ ಲಕ್ಷಾಂತರ ಜನರ ನಡುವೆ ತಾನು ಕುಸಿದರೆ ಜೊತೆಗಿರುವ ಹೆಂಡತಿಯ ಗತಿಯೇನು ಎಂಬ ಯೋಚನೆ ಮಾತ್ರ ನಿದ್ದೆ ಕೆಡಿಸಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇದೂ ಒಂದು ಕಾಯಿಲೆ, ವಾಸಿಯಾಗುತ್ತದೆ ಎಂದು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಸಹಿಯ ಮಾತು ಎರಡು ತಿಂಗಳ ನಂತರ ಎಂದರು. ಈ ವರ್ಷದ ಯಾತ್ರೆ ತಪ್ಪಿದರೂ ತಪ್ಪೀತು.

ಹೆಂಡತಿ ಆಸ್ಪತ್ರೆಯ ಗೇಟಿನವರೆಗೂ ಮುಂದೆ ಮುಂದೆ ನಡೆದರು. ಅಲ್ಲಿ ನಿಂತು, "ಎರಡು ವರ್ಷ ಸುಳ್ಳೇ ಕಾಲು ಒತ್ತಿಸ್ಕೊಂಡ್ರಲ್ಲ," ಎಂದರು.

"ಹೇಳೋಕೆ ನಾಚಿಕೆ ಆಯ್ತು."

"ನನ್ನ ಹತ್ರಾನೂನಾ?" ಕಣ್ಣೊರೆಸಿಕೊಂಡರು. "ಹೋದ್ರೆ ಇಬ್ರೂ ಹೋಗೋಣ. ಈ ವರ್ಷ ಇಲ್ಲಾಂದ್ರೆ ಮುಂದಿನ ವರ್ಷ."

ಮಾತ್ರೆ ಶುರುವಾಯಿತು. ಮನೋವೈದ್ಯರು ಹೇಳಿದಂತೆ ದಿನವೂ ಅಭ್ಯಾಸ: ಮೊದಲು ಖಾಲಿ ಬಸ್‌ಸ್ಟಾಪು, ಆಮೇಲೆ ತರಕಾರಿ ಮಾರ್ಕೆಟ್ಟು. ಒಂದು ದಿನ ಸಾಹೇಬರು ಮಾರ್ಕೆಟ್ಟಿನಿಂದ ಓಡಿಬಂದು ಬೆವರುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು. ಹೆಂಡತಿ ಪಕ್ಕದಲ್ಲಿ ಕೂತು, ಅವರ ಉಸಿರು ಹದಕ್ಕೆ ಬರುವವರೆಗೂ ಬದನೆಕಾಯಿ ಮಾರುವವನನ್ನು ಬೈಯುತ್ತಿದ್ದರು.

ಏಳನೆಯ ವಾರದ ಶುಕ್ರವಾರ ಸಾಹೇಬರು ಮಸೀದಿಗೆ ಹೋದರು. ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಬೆನ್ನು ತಾಗುವಷ್ಟು ಹತ್ತಿರ ಜಾಗ ಹಿಡಿದರು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ತಡವಾಗಿ ಬಂದವರು, ಒಂಚೂರು ಮುಂದೆ ಸರೀರಿ ಎಂದು, ಅವರ ಹಿಂದೆಯೇ ಇನ್ನೊಂದು ಸಾಲು ಕಟ್ಟಿದರು. ಎರಡೂ ಪಕ್ಕದವರ ಭುಜ ಭುಜಕ್ಕೆ ತಗುಲಿತು. ಸಾಹೇಬರು ಬಾಗಿಲ ಕಡೆ ತಿರುಗಿ ನೋಡಲಿಲ್ಲ. ನಿಧಾನವಾಗಿ ಉಸಿರು ಬಿಟ್ಟು, ಎಲ್ಲರೊಡನೆ ಬಾಗಿದರು.