ಸುಳ್ಳು ಹೆಜ್ಜೆ

ಕಳ್ಳಕವಟಗಿಯ ಖಂಡಪ್ಪ ನಲವತ್ತು ವರ್ಷ ಕುರಿಗಳ ಹಿಂದೆ ನಡೆದವನು. ಹೋದ ದೀಪಾವಳಿಯ ಮರುವಾರ ಲಕ್ವಾ ಹೊಡೆದು ಅವನ ಎಡಗೈ, ಎಡಗಾಲು ಬಿದ್ದುಹೋದವು. ಹೆಂಡತಿ ಎಂದೋ ತೀರಿಕೊಂಡಿದ್ದಳು. ಹಿಂಡನ್ನು ಅವನ ತಮ್ಮನಿಗೆ ಒಪ್ಪಿಸಿ, ಮಗಳು ಚಂದ್ರಕಲಾ ಅಪ್ಪನನ್ನು ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ತನ್ನ ಮನೆಗೆ ಕರೆತಂದಳು. ಅವಳೂ ಗಂಡನೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಹೊತ್ತು ಮುಳುಗಿದ ಮೇಲೆ. ಮುಚ್ಚಿಟ್ಟ ಊಟ, ಹಾಸಿಗೆ, ಗೋಡೆಯಾಚೆ ಹಾಯುವ ರೈಲಿನ ಸದ್ದು, ಇಷ್ಟೇ ಅವನ ದಿನ.

ವಾರಕ್ಕೆ ಮೂರು ದಿನ ಮಾತ್ರ ಆಟೋದವನು ಬಂದು ಅವನನ್ನು ಅಥಣಿ ರಸ್ತೆಯ ಫಿಸಿಯೋಥೆರಪಿ ಕೇಂದ್ರಕ್ಕೆ ಒಯ್ಯುತ್ತಿದ್ದ. ಅಲ್ಲಿ ಚಿಕಿತ್ಸೆ ಕೊಡುವ ಹೀನಾ ಅವನ ಎದೆಗೆ ಪಟ್ಟಿ ಕಟ್ಟಿ, ಬೀಳದಂತೆ ಮೇಲಿನ ಕೊಂಡಿಗೆ ಸಿಕ್ಕಿಸಿ, ನಡಿಗೆ ಕಲಿಸುವ ರೋಬೋಟ್ ಯಂತ್ರದ ಕಾಲುಗಳನ್ನು ಅವನ ಕಾಲಿಗೆ ಬಿಗಿಯುತ್ತಿದ್ದಳು. ಆ ಯಂತ್ರ ಮೊಣಕಾಲನ್ನು ತಾನೇ ಎತ್ತಿ ಇಡುತ್ತಿತ್ತು. "ಬಿಗಿ ಆತೇನ್ರಿ ಕಾಕಾ? ರೊಟ್ಟಿ ಉಂಡ್ರಿ?" ಎಂದು ಅವಳು ಕೇಳುವಳು. ಇಡೀ ದಿನದಲ್ಲಿ ಅವನ ಮೈ ಮುಟ್ಟಿ ಮಾತಾಡಿಸುವವಳು ಅವಳೊಬ್ಬಳೇ.

ಐದನೇ ವಾರ ಕಾಲಿಗೆ ಬಲ ಬಂತು. "ಹಿಂಗ ನಡದ್ರ ಇನ್ನ ನಾಕ ಸಲಾ ಸಾಕ್ರಿ," ಎಂದಳು ಹೀನಾ ಖುಷಿಯಿಂದ. ಖಂಡಪ್ಪ ಬಲಗೈ ಬೆರಳು ಮಡಚಿ ನಾಲ್ಕು ಎಣಿಸಿದ. ಮರುಸಲ ಬಂದಾಗ ಅವನು ಕಾಲನ್ನು ಸಡಿಲ ಬಿಟ್ಟು ಯಂತ್ರಕ್ಕೇ ಒಪ್ಪಿಸಿಬಿಟ್ಟ. ಅದರ ಮರುಸಲವೂ ಅಷ್ಟೇ.

ಹೀನಾ ಯಂತ್ರದ ಪರದೆ ನೋಡಿ ಅದನ್ನು ನಿಲ್ಲಿಸಿದಳು. "ಕಾಕಾ, ಹೋದ ವಾರ ಅರ್ಧಾ ನಡಿಗಿ ನಿಮ್ಮದ ಇತ್ತು. ಈಗ ಎಲ್ಲಾ ಮಶೀನ ಎಳ್ಯಾಕತ್ತೈತಿ. ನೋವೇನ್ರಿ?"

ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲವ್ವಾ. ನಾನ ಕಾಲ ಸಡ್ಲ ಬಿಟ್ಟೇನಿ. ಆರಾಮಾದ್ರ ಬರಬ್ಯಾಡ ಅಂತೀರಿ. ಮನ್ಯಾಗ ಮಾತಿಗೆ ಯಾರೂ ಇಲ್ಲ."

ಅವಳು ಬಯ್ಯಲಿಲ್ಲ. ಬಾಗಿಲಾಚೆ ಗಾಲಿಕುರ್ಚಿಯಲ್ಲಿ ಕಾದು ಕೂತಿದ್ದ ಹೆಂಗಸನ್ನು ತೋರಿಸಿ, "ಅವರು ಗೌರಾಬಾಯಿರಿ. ತಿಕೋಟಾದಿಂದ ಬರ್ತಾರ. ಇನ್ನೂ ಒಮ್ಮಿನೂ ಎದ್ದು ನಿಂತಿಲ್ಲ. ನಿಮ್ಮದು ಮುಗದ್ರ ಈ ಮಶೀನ ಅವರಿಗೆ ಸಿಗತೈತಿ," ಎಂದಷ್ಟೇ ಹೇಳಿದಳು.

ಖಂಡಪ್ಪ ತಲೆ ತಗ್ಗಿಸಿದ. ಎದೆಯ ಪಟ್ಟಿ ಸರಿಪಡಿಸಿಕೊಂಡು, "ಚಾಲೂ ಮಾಡವ್ವಾ," ಎಂದ. ಆ ದಿನ ಬೆವರಿಳಿಯುವಂತೆ ನಡೆದ.

ಚಿಕಿತ್ಸೆ ಮುಗಿದ ಮೇಲಿನ ಮೊದಲ ಸೋಮವಾರ ಆಟೋ ಬರಲಿಲ್ಲ. ರೂಢಿಯಂತೆ ಅಂಗಿ ತೊಟ್ಟು ಕೂತಿದ್ದವನು ಕೋಲೂರಿ ಎದ್ದು, ಓಣಿಯ ಕೊನೆಯ ಚಹಾದಂಗಡಿವರೆಗೆ ಹೋದ. ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದ. ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಟ್ಟು, ಮತ್ತೆ ಮೊಬೈಲು ನೋಡತೊಡಗಿದರು. ಯಾರಿಗಾದರೂ ಹೇಳಬೇಕೆನಿಸಿತು. ಕೊನೆಗೆ ಅಂಗಡಿಯವನಿಗೇ, "ನಾ ನಡಕೊಂಡ ಬಂದೇನಿ," ಎಂದ.

"ಹೌದೇನ್ರಿ? ಸಕ್ರಿ ಸಾಕೇನ್ರಿ?" ಎಂದು ಅವನು ಚಹಾದ ಕಪ್ಪು ಚಾಚಿದ.

"ಸಾಕಪ್ಪಾ," ಎಂದು ಖಂಡಪ್ಪ ಬಲಗೈಯಲ್ಲಿ ಕಪ್ಪು ಹಿಡಿದು ಕೂತ.