ಗೋಣಿಹಳ್ಳದ ಬಸ್ಸು

“ಇನ್ನೂ ಸ್ವಲ್ಪ ಬಲಕ್ಕೆ. ಕತ್ತು ವಾಲ್ತಾ ಇದೆ ನೋಡಿ,” ಎಂದು ಜಲಜಮ್ಮ ಹೇಳಿದ ಮೇಲೆ ಪರಮೇಶ್ವರಪ್ಪ ಗಂಟು ಬಿಚ್ಚಿ ಬಟ್ಟೆಯನ್ನು ಮತ್ತೆ ಬಿಗಿದರು. ತೀರಿಕೊಂಡಿದ್ದ ಅವರ ಅಣ್ಣ ಏಕಾಂತಪ್ಪನವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ಹಣೆಗೆ, ಎದೆಗೆ, ತೋಳಿಗೆ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ. ತಲೆ ಮಾತ್ರ ಹಠಕ್ಕೆ ಬಿದ್ದವರ ಹಾಗೆ ಎಡಕ್ಕೇ ವಾಲುತ್ತಿತ್ತು. ಜಲಜಮ್ಮ ಮಂಡಿ ಹಿಡಿದುಕೊಂಡು ಎದ್ದು ಹೋಗಿ, ಗಂಡನ ಕೆನ್ನೆಗೆ ಅಂಗೈ ಕೊಟ್ಟು ತಾವೇ ನೆಟ್ಟಗೆ ಮಾಡಿದರು. ಕೈ ತೆಗೆಯಲು ಮನಸ್ಸಾಗಲಿಲ್ಲ.

ಭದ್ರಾವತಿಯ ಓಲ್ಡ್ ಟೌನಿನ ಆ ಹಿಂದಿನ ಬೀದಿಗೆ ಬೆಳಗಿನಿಂದ ಜನ ನಡೆದು ಬರುತ್ತಲೇ ಇದ್ದರು. ನಡೆದೇ ಬರಬೇಕು, ಬಸ್ಸು ಇಳಿದ ಮೇಲೆ ಮುಕ್ಕಾಲು ಮೈಲಿ. ಬಂದವರಲ್ಲಿ ಇಬ್ಬರು ಮೂವರಾದರೂ ಬೆವರು ಒರೆಸಿಕೊಳ್ಳುತ್ತಾ, “ಜಿಲ್ಲೆಗೆಲ್ಲ ಬಸ್ ಹಾಕ್ಸಿದ ಮನುಷ್ಯ, ಸ್ವಂತ ಬೀದಿಗೆ ಒಂದು ಹಾಕ್ಸಲಿಲ್ಲ ಮಾರಾಯ,” ಎಂದರು. ಸಾವಿನ ಮನೆಯಲ್ಲಿ ತಮಾಷೆ ಮಾಡಬಾರದೆಂದು ಯಾರೂ ಕಾನೂನು ಮಾಡಿಲ್ಲವಲ್ಲ. ಆದರೆ ಅದು ಜಲಜಮ್ಮನವರಿಗೆ ಚುಚ್ಚಿತು.

ಹನ್ನೊಂದು ಗಂಟೆಗೆ ಮಗಳು ಸುಮನಾ ಫೋನ್ ಇಟ್ಟು ಬಂದಳು. ಅವಳು ಶಿವಮೊಗ್ಗದ ರವೀಂದ್ರನಗರದಿಂದ ಮೊದಲ ಬಸ್ಸಿಗೇ ಬಂದಿದ್ದಳು.

“ಅಮ್ಮ, ಗೋಣಿಹಳ್ಳದವರು. ಬೂತಿಂದ ಮಾಡಿದ್ರು. ಮೂರು ಗಂಟೆ ಬಸ್ಸಿಗೆ ಎಲ್ರೂ ಬರ್ತಾರಂತೆ. ಅಲ್ಲೀವರೆಗೂ ಎತ್ತಬೇಡಿ ಅಂದ್ರು.”

“ಇಲ್ಲಿಗೆ ಬರೋಷ್ಟರಲ್ಲಿ ನಾಲ್ಕಾಗುತ್ತೆ,” ಪರಮೇಶ್ವರಪ್ಪ ಗಡಿಯಾರ ನೋಡಿದರು. “ಅಯ್ಯನವರು ಎರಡಕ್ಕೇ ಹೊರಡಬೇಕು ಅಂದಿದ್ದಾರೆ. ಸಂಜೆ ಅವರಿಗೆ ಶಿವಮೊಗ್ಗದಲ್ಲಿ ಗೃಹಪ್ರವೇಶ ಇದೆ. ಆ ಊರಲ್ಲಿ ನಮಗೆ ಯಾರಿದ್ದಾರೆ ಅತ್ತಿಗೆ? ನೀವು ಹೂಂ ಅನ್ನಿ, ಎತ್ತಿಬಿಡೋಣ.”

ನಮ್ಮ ಲಿಂಗವಂತರಲ್ಲಿ ಸೂತಕವಿಲ್ಲ, ಕ್ರಿಯೆ ಮಾಡಿಸುವ ಅಯ್ಯನವರು ಸಮಾಧಿಯ ಗುಣಿಯಿಂದ ನೇರ ಗೃಹಪ್ರವೇಶಕ್ಕೆ ಹೋದರೂ ಯಾರೂ ಮೂಗು ಮುರಿಯುವುದಿಲ್ಲ. ಎಲ್ಲರೂ ಜಲಜಮ್ಮನವರ ಮುಖ ನೋಡಿದರು.

*

ಎಂಟು ವರ್ಷದ ಹಿಂದೆ ಏಕಾಂತಪ್ಪ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಕೆಲಸದಿಂದ ನಿವೃತ್ತರಾಗಿದ್ದರು. ಸುಮ್ಮನೆ ಕೂರುವ ಜಾತಿಯವರಲ್ಲ. ಯಾವ ಊರಿಗೆ ರಸ್ತೆ ಬೇಕು, ಎಲ್ಲಿಗೆ ಬಸ್ಸು ಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡುವ ಜಿಲ್ಲಾ ಸಮಿತಿಗೆ ಅವರನ್ನು ನಾಗರಿಕ ಸದಸ್ಯರನ್ನಾಗಿ ಮಾಡಿದರು. ಸಂಬಳವಿಲ್ಲ, ಮೀಟಿಂಗಿಗೆ ಒಂದು ಟೀ, ಎರಡು ಬಿಸ್ಕತ್ತು.

ಸುದ್ದಿ ಕೇಳಿದ ದಿನವೇ ಜಲಜಮ್ಮ ಸೆರಗು ಸಿಕ್ಕಿಸಿಕೊಂಡು ಮನೆಮನೆ ಹತ್ತಿ ಇಳಿದರು. ಆಗಲೇ ಮಂಡಿನೋವು. ವಾರಕ್ಕೊಮ್ಮೆ ಆಸ್ಪತ್ರೆಗೆ, ಎರಡು ಸಲ ಸಂತೆಗೆ ಆ ಮುಕ್ಕಾಲು ಮೈಲಿ ನಡೆಯುವುದು ಅವರಿಗೆ ಸಾಕಾಗಿಹೋಗಿತ್ತು. ‘ನಮ್ಮ ಬೀದಿಗೆ ಬಸ್ಸು ಬೇಕು’ ಎಂಬ ಅರ್ಜಿಗೆ ನೂರ ಹನ್ನೆರಡು ಸಹಿ ಬಿತ್ತು. ಮೊದಲ ಸಹಿ ಅವರದೇ.

ಶಿವಮೊಗ್ಗದ ಮೀಟಿಂಗ್ ಮುಗಿಸಿ ಸಂಜೆ ಬಂದ ಏಕಾಂತಪ್ಪ ಚಪ್ಪಲಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತರು.

“ಏನಾಯ್ತು ರೀ?”

“ಈ ವರ್ಷದ ದುಡ್ಡಿಗೆ ಒಂದೇ ಬಸ್ಸು ಅಂದ್ರು ಜಲಜಾ. ಎರಡು ಅರ್ಜಿ ಉಳೀತು. ಯಾವುದು ಮೊದಲು ಅಂತ ನನ್ನೇ ಕೇಳಿದ್ರು.”

“ಯಾವ್ದು ಅಂದ್ರಿ?”

“ಗೋಣಿಹಳ್ಳ. ಕಾಡಂಚಿನ ಊರು. ಹೈಸ್ಕೂಲಿಗೆ ಆರು ಮೈಲಿ. ಏಳನೇ ಕ್ಲಾಸಾದ ಮೇಲೆ ಒಂದು ಹೆಣ್ಣುಮಗುನೂ ಓದಿಲ್ಲ ಅಲ್ಲಿ.”

“ಅಲ್ಲಿ ನಿಮಗೆ ಯಾರಿದ್ದಾರೆ?”

“ಯಾರೂ ಇಲ್ಲ.”

ಹತ್ತೊಂಬತ್ತು ದಿನ ಜಲಜಮ್ಮ ಗಂಡನೊಂದಿಗೆ ಮಾತಾಡಲಿಲ್ಲ. ರೊಟ್ಟಿ ಬಡಿದರು, ಬಡಿಸಿದರು, ಮಾತು ಮಾತ್ರ ಇಲ್ಲ. ಬಸ್ಸು ಬರಲಿಲ್ಲವೆಂಬುದಕ್ಕಿಂತ, ತನ್ನನ್ನೂ ಯಾರೋ ಪರವೂರಿನವರನ್ನೂ ತಕ್ಕಡಿಗೆ ಹಾಕಿ, ತನ್ನ ಕಡೆ ಹಗುರವೆಂದು ತೀರ್ಮಾನಿಸಿದರಲ್ಲ ಎಂಬುದು ಅವರನ್ನು ಸುಟ್ಟಿತು. ಆಮೇಲೆ ಮಾತು ಶುರುವಾಯಿತು, ನಗುವೂ ಬಂತು. ಬಸ್ಸಿನ ಸುದ್ದಿ ಮಾತ್ರ ಆ ಮನೆಯಲ್ಲಿ ಇಬ್ಬರೂ ಎತ್ತಲಿಲ್ಲ. ವರ್ಷಕ್ಕೆ ಒಂದೆರಡು ಸಲ ಏಕಾಂತಪ್ಪ ಬುತ್ತಿ ಕಟ್ಟಿಸಿಕೊಂಡು ಗೋಣಿಹಳ್ಳಕ್ಕೆ ಹೋಗುತ್ತಿದ್ದರು. ಜಲಜಮ್ಮ ಬುತ್ತಿ ಕಟ್ಟುತ್ತಿದ್ದರು, ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ.

*

“ಅತ್ತಿಗೆ, ಎರಡಾಯ್ತು,” ಎಂದರು ಪರಮೇಶ್ವರಪ್ಪ.

“ಕಾಯೋಣ,” ಎಂದರು ಜಲಜಮ್ಮ. “ನನ್ನ ಮಂಡಿಗೆ ಸಿಗಬೇಕಿದ್ದ ಬಸ್ಸು ಯಾರಿಗೆ ಹೋಯ್ತು ಅಂತ ನಾನೂ ನೋಡ್ಬೇಕು.”

ಅಯ್ಯನವರು ಮುಖ ಸಣ್ಣದು ಮಾಡಿಕೊಂಡರು. ಆದರೆ ಹೋಗಲಿಲ್ಲ, ಭಜನೆಯವರಿಗೆ ಇನ್ನೊಂದು ಸುತ್ತು ಹೇಳಲು ಸನ್ನೆ ಮಾಡಿ ಕೂತರು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿತು. ಚರಂಡಿಯ ಕಲ್ಲಿಗೂ ಕರೆಂಟ್ ಕಂಬಕ್ಕೂ ನಡುವೆ ತೂರಿಕೊಂಡು ಒಂದು ಬಸ್ಸು ಒಳಗೆ ಬಂತು. ಕಂಡಕ್ಟರ್ ಇಳಿದು ಹಿಂದೆ ಮುಂದೆ ಓಡಾಡಿ ದಾರಿ ತೋರಿಸುತ್ತಿದ್ದ. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು.

ನಲವತ್ತು ಜನ ಇಳಿದಿರಬೇಕು. ಮುಂದಿದ್ದ ಮುದುಕಿ ಹೆಣದ ಕಡೆಗೆ ಹೋಗದೆ ನೇರ ಹೆಂಗಸರ ನಡುವೆ ಬಂದಳು.

“ಜಲಜಮ್ಮ ಅಂದ್ರೆ ಯಾರವ್ವಾ?”

“ನಾನೇ.”

ಮುದುಕಿ ದೊಪ್ಪನೆ ಕೂತು ಅವರ ಎರಡೂ ಕೈ ಹಿಡಿದುಕೊಂಡಳು. “ನಾನು ಹುಚ್ಚಮ್ಮ, ಗೋಣಿಹಳ್ಳದವಳು. ನಿನ್ನ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಆಸೆ ತಾಯಿ. ಯಜಮಾನ್ರು ಬಂದಾಗೆಲ್ಲ ಹೇಳೋರು, ಬಸ್ಸು ಕೊಡ್ಸಿದ್ದು ನಾನಲ್ಲ, ನನ್ನ ಹೆಂಡ್ತಿ. ನೂರ ಹನ್ನೆರಡು ಸಹಿ ಕೈಲಿ ಇಟ್ಕೊಂಡು, ನಮ್ಮ ಬೀದಿಗೆ ಬ್ಯಾಡ, ಆ ಹೆಣ್ಮಕ್ಳಿಗೆ ಹೋಗ್ಲಿ ಅಂದ್ಳು ಅಂತ. ನಿನ್ನ ರೊಟ್ಟಿ ನಾವೆಲ್ಲ ತಿಂದಿದೀವಿ. ನೋಡು, ಇವಳು ನನ್ನ ಮೊಮ್ಮಗಳು. ನರ್ಸ್ ಆಗವ್ಳೆ.”

ಬಿಳಿ ಸೀರೆಯ ಹುಡುಗಿ ಬಗ್ಗಿ ಜಲಜಮ್ಮನವರ ಕಾಲು ಮುಟ್ಟಿದಳು.

‘ನಾನು ಹಂಗೆ ಅನ್ಲಿಲ್ಲ’ ಎನ್ನಲು ಬಾಯಿ ತೆರೆದ ಜಲಜಮ್ಮ ಗೋಡೆಯ ಕಡೆ ನೋಡಿದರು. ವಿಭೂತಿ ಬಳಿದುಕೊಂಡು, ಏನೂ ಅರಿಯದ ಮಗುವಿನ ಹಾಗೆ ಕೂತಿದ್ದರು ಏಕಾಂತಪ್ಪ. ಎಂಟು ವರ್ಷ ಒಂದು ಊರಿಗೆ ಊರನ್ನೇ ನಂಬಿಸಿದ ಸುಳ್ಳುಗಾರ. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಳುವುದಕ್ಕೆ ಜಲಜಮ್ಮ ದಾರಿಯನ್ನೂ ಬಿಟ್ಟಿರಲಿಲ್ಲ. ಬೆಳಗಿನಿಂದ ಒಂದು ಹನಿಯೂ ಬಾರದ ಕಣ್ಣು ಆಗ ಕೋಡಿ ಬಿತ್ತು. ಹುಚ್ಚಮ್ಮನ ಹೆಗಲಿಗೆ ತಲೆಯಿಟ್ಟು ಅವರು ಗಟ್ಟಿಯಾಗಿ ಅತ್ತರು.

*

ಗುಣಿಯಲ್ಲಿ ಕೂರಿಸಿ, ಬಿಲ್ವಪತ್ರೆ ವಿಭೂತಿ ತುಂಬಿ, ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ಗೋಣಿಹಳ್ಳದ ಬಸ್ಸು ರುದ್ರಭೂಮಿಯ ಹೊರಗೇ ಕಾಯುತ್ತಿತ್ತು. ಹಿಂದಿರುಗುವಾಗ ಹುಚ್ಚಮ್ಮ ಜಲಜಮ್ಮನವರನ್ನು ನಡೆಯಲು ಬಿಡಲಿಲ್ಲ. ಬಸ್ಸಿಗೆ ಹತ್ತಿಸಿ ಪಕ್ಕದಲ್ಲೇ ಕೂರಿಸಿಕೊಂಡಳು. ಸುಮನಾ ಹಿಂದೆ ನಿಂತಳು.

ಕಂಡಕ್ಟರ್ ಮಲ್ಲಿಕ್ ಚೀಲವನ್ನು ಮುಚ್ಚಿಯೇ ಇಟ್ಟಿದ್ದ. “ಮಣ್ಣಿಗೆ ಬಂದೋರ ಹತ್ರ ಏನು ಟಿಕೆಟ್. ಸುಮ್ನೆ ಕೂತ್ಕಳಿ.”

“ಹರಿ ಕಣಪ್ಪ, ಟಿಕೆಟ್ ಹರಿ,” ಎಂದಳು ಹುಚ್ಚಮ್ಮ. “ಟಿಕೆಟ್ ಹರಿದಷ್ಟೇ ಜನ ಲೆಕ್ಕಕ್ಕೆ. ಇಲ್ದಿದ್ರೆ ನಾಳೆ ನಿಮ್ಮ ಮೇಲಿನೋರು, ಆ ಊರಿಗೆ ಜನ ಇಲ್ಲ, ಬಸ್ ನಿಲ್ಸಿ ಅಂತಾರೆ.”

ಮಲ್ಲಿಕ್ ನಿಟ್ಟುಸಿರು ಬಿಟ್ಟು ಟಿಕೆಟ್ ಹರಿಯುತ್ತಾ ಬಂದ. ಜಲಜಮ್ಮನವರ ಮುಂದೆ ಬಂದಾಗ ಕೈ ಮುಗಿದು ದಾಟಿದ.

“ಇಲ್ಲಿ ಬನ್ನಿ,” ಎಂದು ಜಲಜಮ್ಮ ಕರೆದರು. “ನನಗೂ ಒಂದು.”

“ನಿಮ್ಮನೆಗೆ ಮೂರು ನಿಮಿಷ ಅಮ್ಮ. ಅಲ್ಲಿ ಸ್ಟಾಪೇ ಇಲ್ಲ, ಎಲ್ಲಿಗೆ ಅಂತ ಕೊಡ್ಲಿ?”

“ಗೋಣಿಹಳ್ಳಕ್ಕೆ ಕೊಡಿ.”

“ನೀವು ಮನೆ ಹತ್ರ ಇಳೀತೀರಲ್ಲ?”

“ನಾನು ಇಳೀತೀನಿ,” ಎಂದರು ಜಲಜಮ್ಮ. “ಟಿಕೆಟ್ ಊರಿನವರೆಗೂ ಹೋಗ್ಲಿ.”

ಮನೆ ಮುಂದೆ ಬಸ್ಸು ನಿಂತಿತು. ಅವರು ಒಂದೊಂದೇ ಕಾಲು ಕೆಳಗಿಟ್ಟು ಇಳಿಯುವವರೆಗೆ ಡ್ರೈವರ್ ಕಾದ. ಆಮೇಲೆ ಬಸ್ಸು ಕರೆಂಟ್ ಕಂಬವನ್ನು ತಪ್ಪಿಸಿಕೊಂಡು ನಿಧಾನವಾಗಿ ಹೊರಟಿತು. ಸುಮನಾ ತೋಳು ಹಿಡಿದರೂ ಜಲಜಮ್ಮ ಒಳಗೆ ಹೋಗಲಿಲ್ಲ. ಗೋಣಿಹಳ್ಳದ ಟಿಕೆಟನ್ನು ಬೆರಳಲ್ಲಿ ಹಿಡಿದುಕೊಂಡು, ಬಸ್ಸು ತಿರುವು ದಾಟುವ ತನಕ ಬೀದಿಯ ನಡುವೆಯೇ ನಿಂತಿದ್ದರು.