ಅತ್ತೆಯ ಕೈಗೆಟುಕಿದ ಕಪಾಟು

ನನ್ನ ಗಂಡ ನನ್ನನ್ನು ಹೊಟ್ಟೆಕಿಚ್ಚಿನವಳು ಎನ್ನುತ್ತಾನೆ. ಇರಲಿ. ಹೊಟ್ಟೆ ನನ್ನದು, ಕಿಚ್ಚೂ ನನ್ನದು, ಅವನ ಗಂಟೇನು ಹೋಯಿತು?

ನಮ್ಮ ಅಡುಗೆಮನೆಯ ಕಟ್ಟೆಯ ಕೆಳಗೊಂದು ಆಳವಾದ ಕಪಾಟಿತ್ತು. ಬೇಳೆ, ಸಕ್ಕರೆ ಡಬ್ಬಿಗಳ ಹಿಂದೆ ಎಣ್ಣೆ ಕ್ಯಾನು, ಅದರ ಹಿಂದೆ ಟೀ ಪುಡಿ, ಅದರಾಚೆ ಬರೀ ಕತ್ತಲು. ಮಂಡಿಯೂರಿ, ಭುಜದವರೆಗೆ ಕೈ ತೂರಿಸಿ, ಡಬ್ಬಿ ಸವರಿಯೇ ಒಳಗೇನಿದೆ ಎಂದು ಹೇಳಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಅತ್ತೆಗೆ ಮಂಡಿನೋವು, ಬಗ್ಗಲಾರರು. ಏನು ಬೇಕಾದರೂ ನಡುಮನೆಯಿಂದ "ದೊಡ್ಡೋಳೇ" ಎಂದು ಹಿರಿಸೊಸೆಯಾದ ನನ್ನನ್ನು ಕೂಗಬೇಕು. ಆ ಕೂಗಿಗೆ ನಾನು ತಲೆಗೆ ಸೋಪು ಹಚ್ಚಿಕೊಂಡೇ ಓಡಿ ಬಂದದ್ದಿದೆ. ಈ ಮನೆಯಲ್ಲಿ ನನಗೊಂದು ಬೆಲೆ ಅಂತಿದ್ದರೆ ಅದು ಆ ಕೂಗೇ.

ಅಂಥ ಮನೆಗೆ ನನ್ನ ಮೈದುನ ಮದುವೆಯಾಗಿ ಕರೆತಂದದ್ದು ಒಬ್ಬ ಬಡಗಿಯನ್ನು. ತಮಾಷೆಯಲ್ಲ, ನನ್ನ ಓರಗಿತ್ತಿ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಮರಗೆಲಸದವಳು. ಕಿವಿಯ ಹಿಂದೆ ಪೆನ್ಸಿಲ್, ಸೊಂಟದಲ್ಲಿ ಅಳತೆ ಟೇಪು. ನಾನು ಮನಸ್ಸಿನಲ್ಲೇ ಅವಳಿಗೆ ಟೇಪು ಎಂದು ಹೆಸರಿಟ್ಟೆ. ಬಂದು ತಿಂಗಳಾಗುವುದರೊಳಗೆ ಅವಳ ಕಣ್ಣು ನನ್ನ ಕಪಾಟಿನ ಮೇಲೆ ಬಿತ್ತು.

"ಅಕ್ಕ, ಇದಕ್ಕೆ ಎಳೆದ್ರೆ ಈಚೆ ಬರೋ ಖಾನೆ ಮಾಡ್ಬಿಡೋಣ. ಪಾಪ, ಎಷ್ಟು ಬಗ್ತೀರ ನೀವು."

ಆ 'ಪಾಪ' ಕೇಳಿ ನನಗೆ ಮೈಯೆಲ್ಲ ಉರಿಯಿತು. "ನಾನೇನು ದೂರು ಕೊಟ್ಟಿದ್ನಾ?" ಎಂದೆ. ಅಷ್ಟರಲ್ಲಿ ಅತ್ತೆ, "ಮಾಡಮ್ಮ, ಮಾಡು" ಎಂದುಬಿಟ್ಟರು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಭಾನುವಾರ ಅವಳು ಅಳತೆ ತೆಗೆದಳು. ಟೇಪಿನ ತುದಿ ಹಿಡಿಯುವ ಭಾಗ್ಯ ನನ್ನದು. ಕಪಾಟಿನ ಈ ಗೋಡೆಯಿಂದ ಆ ಗೋಡೆಗೆ ಅಳೆದು, ಖಾನೆ ಜಾರಲು ಎರಡೂ ಬದಿ ಕೂರಿಸುವ ಚಾನೆಲ್ಲಿನ ದಪ್ಪ ಕಳೆದು, ಪ್ಲೈವುಡ್ಡಿನ ಮೇಲೆ ಗೆರೆ ಎಳೆದಳು. ಕಪಾಟಿನ ಬಾಗಿಲನ್ನು ಮರೆತಿದ್ದಳು. ಆ ಬಾಗಿಲು ಎಷ್ಟು ತೆರೆದರೂ ಪೂರ್ತಿ ಪಕ್ಕಕ್ಕೆ ಸರಿಯುವುದಿಲ್ಲ, ಒಂದು ಬೆರಳಿನಷ್ಟು ಅಡ್ಡವಾಗಿಯೇ ನಿಲ್ಲುತ್ತದೆ. ದಿನಾ ಮೊಣಕೈ ತರಚಿಸಿಕೊಳ್ಳುವ ನನಗೆ ಅದು ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ನಾನು ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟೆಲ್ಲ ಬಲ್ಲವಳು, ಇದನ್ನೂ ಬಲ್ಲಳು ಬಿಡು ಎಂದುಕೊಂಡೆ.

ಮುಂದಿನ ಭಾನುವಾರ ಖಾನೆ ಕೂರಿಸಿ, ಎಲ್ಲರನ್ನೂ ಕರೆದು ಎಳೆದಳು. ಖಾನೆ ಒಂದಿಷ್ಟು ಮಿಸುಕಿ, ಟಕ್ಕೆಂದು ಬಾಗಿಲಿಗೆ ಬಡಿದು ನಿಂತಿತು. ಅವಳ ಮುಖ ಹುಳ್ಳಗಾಯಿತು. ಮೈದುನ ನಕ್ಕ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಹೋಗ್ಲಿ ಬಿಡಮ್ಮ, ಮೊದಲಿನ ಹಾಗೇ ಇರ್ಲಿ" ಎಂದು ಸಮಾಧಾನ ಬೇರೆ ಹೇಳಿದೆ.

ಅವಳು ಬಿಡುವ ಆಸಾಮಿಯಲ್ಲ. ಖಾನೆ ಕಳಚಿ ಅಗಲ ಕಡಿಮೆ ಮಾಡಿದಳು, ಖಾನೆ ಬಾಗಿಲಿಗೆ ತಗಲದ ಹಾಗೆ ಆ ಕಡೆಯ ಚಾನೆಲ್ಲಿನ ಹಿಂದೆ ಒಂದು ಮರದ ಪಟ್ಟಿ ಕೊಟ್ಟಳು. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವರ ಕೈ ಬರುವ ಎತ್ತರ ನೋಡಿ ಹಿಡಿ ಜಡಿದಳು. ಸಂಜೆಯೊಳಗೆ ಖಾನೆ ಒಂದೇ ಬೆರಳಿಗೆ ಸರ್ರೆಂದು ಹೊರಬಂತು. ನನ್ನ ಗಂಡ ಎಳೆದು, ತಳ್ಳಿ, ಮತ್ತೆ ಎಳೆದು "ಭೇಷ್" ಎಂದ. ಇಷ್ಟು ವರ್ಷ ಅದರ ಮುಂದೆ ಊರಿದ ನನ್ನ ಮಂಡಿಗೆ ಒಂದು ದಿನ ಭೇಷ್ ಅಂದವನಲ್ಲ.

ಮರುದಿನ ಅತ್ತೆ ಕೂಗಲಿಲ್ಲ. ಅದರ ಮರುದಿನವೂ ಇಲ್ಲ. ರೂಮಿನಲ್ಲಿ ಬಟ್ಟೆ ಮಡಚುತ್ತಾ ಕಿವಿಯನ್ನು ಅತ್ತಲೇ ಇಟ್ಟಿದ್ದೆ. ಕೇಳಿಸಿದ್ದು ಆ ಸರ್ರ್ ಸದ್ದು ಮಾತ್ರ. ನಿನ್ನೆ ಮೊನ್ನೆ ಬಂದವಳು ನನ್ನ ಅತ್ತೆಯನ್ನೇ ತನ್ನ ಕಡೆ ಎಳೆದುಕೊಂಡಳಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತಡೆಯಲಾರದೆ ನಾನೇ ಹೋಗಿ ಕೇಳಿದೆ, "ಅತ್ತೆ, ಏನಾದ್ರೂ ಬೇಕಿತ್ತಾ?"

"ಏನೂ ಬೇಡ ಕಣೇ. ನೀನು ಕೂತ್ಕೋ."

ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಎರಡು ಲೋಟ ಟೀ ತಂದಿಟ್ಟು, ನನ್ನ ಎದುರು ಕೂತರು.

"ನಿನ್ನ ಕೂಗೋಕೆ ಎಷ್ಟು ಸಂಕೋಚ ಆಗ್ತಿತ್ತು ಗೊತ್ತಾ? ಕೈಲಿದ್ದ ಕೆಲಸ ಬಿಟ್ಟು ನೀನು ಓಡಿ ಬರ್ತಿದ್ದೆ. ಎಷ್ಟೋ ಸಲ ಟೀ ಬೇಕು ಅನ್ಸಿದ್ರೂ ನಾನೇ ಬಾಯ್ಮುಚ್ಕೊಂಡು ಸುಮ್ನಿರ್ತಿದ್ದೆ. ಈಗ ಆ ಯೋಚನೆ ಇಲ್ಲ ನೋಡು."

ನಾನು ಲೋಟ ಎತ್ತಿ ಕುಡಿದೆ. ಒಗರು. "ಸಕ್ಕರೆ ಹಾಕೋದೇ ಮರ್ತಿದೀರಲ್ಲ ಅತ್ತೆ, ಕೊಡಿ ಇಲ್ಲಿ" ಎಂದು ಎದ್ದೆ. ನಾನಿಲ್ಲದೆ ಇವರಿಗೆ ನಡೆಯುವುದಿಲ್ಲ ಎಂದು ಒಳಗೇ ಖುಷಿಯಾಯಿತು.

ಅತ್ತೆ ತಮ್ಮ ಲೋಟ ಕೊಡಲಿಲ್ಲ. "ನಂಗೆ ಬೇಡ ಕಣೇ. ಮೊದ್ಲಿಂದ್ಲೂ ನಂಗೆ ಸಕ್ಕರೆ ಇಲ್ದಿರೋ ಟೀನೇ ಇಷ್ಟ. ನೀನು ಅಷ್ಟು ಅಕ್ಕರೆಯಿಂದ ಹಾಕ್ಕೊಡ್ತಿದ್ದೆ, ಬೇಡ ಅಂತ ಹೇಗೆ ಹೇಳ್ಲಿ?"

ನನ್ನ ಲೋಟ ಹಿಡಿದು ಅಡುಗೆಮನೆಗೆ ಹೋದೆ. ಖಾನೆ ಎಳೆದೆ. ಸಕ್ಕರೆ ಡಬ್ಬಿಯನ್ನು ಅತ್ತೆ ಎಲ್ಲಕ್ಕಿಂತ ಹಿಂದೆ ಇಟ್ಟಿದ್ದರು.